ಎರವಲು ಪೈಪಿನ ರೀಡಿಂಗ್

ನಾನು ನಿವೃತ್ತನಾಗುವವರೆಗೆ ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಸರಿಯಾದ ಹೆಸರಿಲ್ಲ. ಪೇಪರಿನವರು ಲಾಬಿ ಅನ್ನುತ್ತಾರೆ. ಪಂಪ್‌ಸೆಟ್ಟು, ಮೋಟಾರು ತಯಾರಿಸುವ ಸಣ್ಣ ಕಾರ್ಖಾನೆಗಳ ಸಂಘವೊಂದರಲ್ಲಿ ನಾನು ತಾಂತ್ರಿಕ ಅಧಿಕಾರಿಯಾಗಿದ್ದೆ. ‘ಇಷ್ಟು ಕರೆಂಟಿಗೆ ಇಷ್ಟು ನೀರು ಎತ್ತಲೇಬೇಕು, ಎತ್ತದ ಮೋಟಾರನ್ನು ಮಾರಬಾರದು’ ಅಂತ ಸರ್ಕಾರ ಕರಡು ನಿಯಮ ಹೊರಡಿಸಿದರೆ ಅದಕ್ಕೆ ಸಂಘದ ಪರವಾಗಿ ಆಕ್ಷೇಪಣೆ ಬರೆಯಬೇಕು. ಬರೆಯಲು ಬೇಕಾದ ಅಳತೆಗಳನ್ನು ರೈತರ ಹೊಲಗಳಿಂದ ತರಬೇಕು. ವಿಚಾರಣೆಯ ದಿನ ಫೈಲು ಹಿಡಿದುಕೊಂಡು ದೊಡ್ಡವರ ಹಿಂದಿನ ಸಾಲಿನಲ್ಲಿ ಕೂರಬೇಕು. ಇಷ್ಟೇ ಕೆಲಸ.

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಇದನ್ನೆಲ್ಲ ವಿವರಿಸುವುದು ಯಾರಿಂದ ಆಗುತ್ತದೆ? ಯಾರಾದರೂ ಕೇಳಿದರೆ ನಮ್ಮವ್ವ ‘ನನ್ ಮಗ ಕರೆಂಟಾಪೀಸಲ್ಲವ್ನೆ’ ಅಂದುಬಿಡುತ್ತಿದ್ದಳು. ಅದರಿಂದ ಆದ ಪಜೀತಿ ಅಷ್ಟಿಷ್ಟಲ್ಲ. ರಜದ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ಮೇಲೆ ಜನ. ‘ಸಾ, ನಮ್ಮೂರ್ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ವಾರಾಯ್ತು, ಒಂದ್ ಮಾತ್ ಯೋಳಿ ಸಾ.’ ನಾನು ಕರೆಂಟು ಕೊಡುವವನಲ್ಲ, ಮೋಟಾರು ಮಾಡುವವರ ಕಡೆಯವನು ಅಂತ ತಿಳಿಸಿ ಹೇಳಿದ್ದಕ್ಕೆ ಒಬ್ಬ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: ‘ಮೋಟ್ರು ಮಾಡೋರ್ಗೆ ಸರ್ಕಾರದ ತಾವ ಏನ್ ಕೆಲ್ಸ ಸಾ?’ ನನ್ನ ವೃತ್ತಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ.

ಈಗ ಈ ಕೆಲಸಕ್ಕೆ ದೊಡ್ಡ ದೊಡ್ಡ ಓದು ಓದಿದವರು ಬರುತ್ತಿದ್ದಾರೆ. ಪರದೆ ಮೇಲೆ ಬಣ್ಣದ ನಕ್ಷೆ ಹಾಕಿ ಮಾತಾಡುತ್ತಾರೆ, ಚೆನ್ನಾಗಿಯೂ ಮಾತಾಡುತ್ತಾರೆ. ನಾನು ಈಗ ಬರೆಯುತ್ತಿರುವುದು ಅವರಿಗಾಗಿ. ನನ್ನ ಸಾಧನೆ ಹೇಳಿಕೊಳ್ಳಲು ಅಲ್ಲ, ಹೇಳಿಕೊಳ್ಳುವಂಥದ್ದು ಹೆಚ್ಚಿಗೆ ಇಲ್ಲ. ನಾನು ಬೆಚ್ಚಿಬಿದ್ದ ಕೆಲವು ಸಂದರ್ಭಗಳಿವೆ, ಅವನ್ನು ಬರೆಯುತ್ತೇನೆ. ಕೊನೆಯದನ್ನು ಬರೆಯದೆ ನನಗೆ ಬಿಡುಗಡೆ ಇಲ್ಲ.

ನನ್ನ ಮೇಲಧಿಕಾರಿ ಸಂಘದ ಕಾರ್ಯದರ್ಶಿ ಮೂರ್ತಿಯವರು. ದನಿ ಏರಿಸಿದವರಲ್ಲ. ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ಸಿಲ್ಲು. ನಾನು ಬರೆದ ಮೊದಲ ಆಕ್ಷೇಪಣೆ ಹೀಗೆ ಶುರುವಾಗುತ್ತಿತ್ತು: ‘ಈ ನಿಯಮ ರೈತರಿಗೂ ದೇಶಕ್ಕೂ ಒಳ್ಳೆಯದು. ಆದರೆ ಸಣ್ಣ ಕಾರ್ಖಾನೆಗಳಿಗೆ ಸ್ವಲ್ಪ ಕಾಲಾವಕಾಶ ಬೇಕು.’ ಮೂರ್ತಿಯವರು ಮೊದಲ ವಾಕ್ಯದ ಮೇಲೆ ನಿಧಾನವಾಗಿ ಗೆರೆ ಎಳೆದರು.

‘ಇದು ಸುಳ್ಳಾ ಸರ್?’ ಅಂದೆ.

‘ಸುಳ್ಳು ಅಂತ ಯಾರು ಹೇಳಿದ್ದು? ನಮ್ಮಲ್ಲಿ ಯಾರೂ ಸುಳ್ಳು ಬರೆಯೋದಿಲ್ಲ, ನೀವೂ ಬರೀಬೇಡಿ, ಸುಳ್ಳು ಸಿಕ್ಕಿಬೀಳುತ್ತೆ. ನಿಜವನ್ನೇ ಬರೆಯಿರಿ. ಯಾವ ನಿಜ ಮೊದಲ ಪುಟಕ್ಕೆ, ಯಾವ ನಿಜ ಅನುಬಂಧಕ್ಕೆ ಅನ್ನೋದು ಮಾತ್ರ ನಮ್ಮ ಕೈಲಿದೆ’ ಅಂದರು. ಆಮೇಲೆ ನನಗೆ ಕಾಫಿ ತರಿಸಿಕೊಟ್ಟರು. ನಿಯಮ ಬೇಡ ಅಂತ ಎಂದೂ ಹೇಳಬಾರದು, ಬೇಕು ಆದರೆ ಈಗಲ್ಲ ಅನ್ನಬೇಕು, ದಿನಾಂಕವನ್ನು ಮುಂದಕ್ಕೆ ತಳ್ಳಿದರೆ ಸಾಕು ಅನ್ನುವುದು ಅವರ ಎರಡನೆಯ ಪಾಠ. ಕೆಟ್ಟ ಮನುಷ್ಯರಲ್ಲ. ಮೂರು ಲೇತು ಇಟ್ಟುಕೊಂಡು ಅಣ್ಣತಮ್ಮಂದಿರು ನಡೆಸುವ ಕಾರ್ಖಾನೆ ಮುಚ್ಚಿದರೆ ಅಲ್ಲಿ ಕೆಲಸಕ್ಕಿದ್ದವರು ಎಲ್ಲಿಗೆ ಹೋಗುತ್ತಾರೆ ಅಂತ ಕೇಳುತ್ತಿದ್ದರು. ಅದೂ ನಿಜವೇ.

ಆಗಿನ ಕ್ರಮ ಏನೆಂದರೆ, ಆಕ್ಷೇಪಣೆ ಸಂಘದಿಂದ ಒಂದೇ ಹೋದರೆ ಸಾಲದು, ಊರೂರಿನಿಂದ ಹೋಗಬೇಕು. ಒಂದೇ ಪತ್ರ ಬರೆದು ಹತ್ತಾರು ಕಾಪಿ ತೆಗೆಸಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ರೀವೈಂಡಿಂಗ್ ಅಂಗಡಿಯವರ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಯಳಂದೂರಿನಲ್ಲಿ ಸಿದ್ದರಾಜು ಅಂತ ಒಬ್ಬ ರೀವೈಂಡರ್. ತಾಮ್ರದ ತಂತಿ ಸುತ್ತಿ ಸುತ್ತಿ ಅವನ ತೋರುಬೆರಳಿನಲ್ಲಿ ಗೆರೆ ಬಿದ್ದಿತ್ತು. ಪತ್ರ ಮುಂದಿಟ್ಟೆ.

‘ಏನ್ ಬರ್ದಿದ್ದೀರಿ ಸಾ?’

‘ಹೊಸ ನಿಯಮ ಬಂದರೆ ಹಳೇ ಮೋಟಾರು ಹೋಗಿ ಹೊಸ ಥರದ ಮೋಟಾರು ಬರುತ್ತೆ. ಅದು ಬೇಗ ಸುಡಲ್ಲ. ನಿಮಗೆ ಕೆಲಸ ಇಲ್ಲದಂಗೆ ಆಗುತ್ತೆ ಅಂತ.’

‘ಸುಡಲ್ವಾ? ಅಂಗಾದ್ರೆ ರೈತ್ರುಗೆ ಒಳ್ಳೇದಲ್ವಾ ಸಾ?’

ನಾನು ಮುಖ ತಿರುಗಿಸಿ ಪೆನ್ನು ಮುಂದೆ ಮಾಡಿದೆ. ಅವನು ಮಾತ್ರ ನಗುತ್ತಾ ಸಹಿ ಮಾಡಿಕೊಟ್ಟ. ‘ನೀವು ಬಿಸ್ಲಲ್ಲಿ ಬಂದಿದ್ದೀರಲ್ಲ ಸಾ, ಇಲ್ಲ ಅನ್ನಕ್ಕಾಯ್ತದಾ’ ಅಂದ. ಬಂದವರ ಮುಖ ಮುರಿಯಬಾರದು ಅನ್ನುವ ಈ ಗುಣದ ಮೇಲೆ ನನ್ನ ಅರ್ಧ ಕೆಲಸ ನಡೆಯುತ್ತಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ.

ಇನ್ನೊಂದು ಸಲ ಒಂದು ಪೇಟೆಯ ಪಂಪ್ ಅಂಗಡಿಗೆ ಹೋಗಿದ್ದೆ. ಮೋಟಾರಿನ ಮೇಲೆ ನಕ್ಷತ್ರದ ಚೀಟಿ ಅಂಟಿಸುವುದು ಆಗತಾನೇ ಶುರುವಾಗಿತ್ತು. ಎಷ್ಟು ನಕ್ಷತ್ರವೋ ಅಷ್ಟು ಕರೆಂಟು ಉಳಿತಾಯ ಅಂತ ಲೆಕ್ಕ. ಆ ಅಂಗಡಿಯ ಮೋಟಾರುಗಳ ಮೇಲೆ ಒಂದು ಚೀಟಿಯೂ ಇರಲಿಲ್ಲ. ಯಾಕೆ ಅಂತ ಕೇಳಿದರೆ ಮಾಲೀಕ ಮೇಜಿನ ಖಾನೆ ಎಳೆದು ಒಂದು ಹಾಳೆ ತೋರಿಸಿದ. ಹಾಳೆ ತುಂಬ ನಕ್ಷತ್ರದ ಚೀಟಿಗಳು. ‘ಗಿರಾಕಿ ಕೇಳುದ್ರೆ ಅಂಟುಸ್ಕೊಡ್ತೀನಿ ಸಾ. ಎಷ್ಟ್ ನಕ್ಷತ್ರ ಬೇಕಂದ್ರೆ ಅಷ್ಟು.’ ನಾನು ದಂಗಾದೆ. ಕಾರಿನ ಖರ್ಚು ಹೋದರೆ ಹೋಗಲಿ ಅಂತ ಆವತ್ತೇ ಬೆಂಗಳೂರಿಗೆ ಹೋಗಿ ಮೂರ್ತಿಯವರಿಗೆ ವರದಿ ಮಾಡಿದೆ. ಅಂಗಡಿಗೆ ಮಾಲನ್ನೂ ಚೀಟಿಯನ್ನೂ ಕೊಟ್ಟವರು ನಮ್ಮ ಸಂಘದ ಸದಸ್ಯರೇ, ಅವರ ಮೇಲೆ ಕ್ರಮ ಆಗುತ್ತದೆ ಅಂದುಕೊಂಡಿದ್ದೆ.

ಮೂರ್ತಿಯವರ ಕಣ್ಣು ಹೊಳೆಯಿತು. ‘ಒಳ್ಳೇ ಅಂಶ. ಚೀಟಿ ನಂಬಲು ಅರ್ಹವಲ್ಲ, ಆದ್ದರಿಂದ ಚೀಟಿ ಕಡ್ಡಾಯ ಮಾಡುವ ನಿಯಮವೇ ವ್ಯರ್ಥ ಅಂತ ಬರೆಯೋಣ’ ಅಂದರು.

ನಮ್ಮವರೇ ಮಾಡಿದ ಮೋಸ ನಮ್ಮ ವಾದವಾಗಿ ಹೋಯಿತು. ಆದರೂ ಬರೆದುಕೊಟ್ಟೆ. ಬರವಣಿಗೆ ಚೆನ್ನಾಗಿದೆ ಅಂತ ಹೊಗಳಿದರು.

ಈಗ ಕೌದಳ್ಳಿ ಆಚೆಯ ಊರಿನ ಕಥೆಗೆ ಬರುತ್ತೇನೆ.

ನಿವೃತ್ತಿಗೆ ಕೆಲವು ವರ್ಷ ಬಾಕಿಯಿತ್ತು. ಸಣ್ಣ ಪಂಪುಗಳಿಗೂ ನಿಯಮ ತರುವ ಕರಡು ಬಂತು. ಜೊತೆಗೇ ಒಂದು ಯೋಜನೆಯ ಮಾತೂ ಇತ್ತು. ನಿಯಮ ಜಾರಿಯಾದರೆ, ವೋಲ್ಟೇಜ್ ಸಾಲದ ಲೈನುಗಳಲ್ಲಿ ರೈತರ ಹಳೇ ಮೋಟಾರು ತೆಗೆದು ಹೊಸ ಥರದ್ದನ್ನು ಸರ್ಕಾರವೇ ಹಾಕಿಕೊಡುತ್ತದೆ ಅಂತ. ಎಲ್ಲರ ಮೋಟಾರೂ ಕಡಿಮೆ ಕರೆಂಟು ತಿಂದರೆ ಲೈನಿನ ಕೊನೆಯ ಕಂಬದವರೆಗೂ ವೋಲ್ಟೇಜ್ ನಿಲ್ಲುತ್ತದೆ, ಮೋಟಾರು ಸುಡುವುದು ತಪ್ಪುತ್ತದೆ. ಸಂಘಕ್ಕೆ ಇದು ಬೇಕಿರಲಿಲ್ಲ. ಹೊಸ ಮೋಟಾರಿಗೆ ಹೊಸ ಅಚ್ಚು, ಹೆಚ್ಚು ತಾಮ್ರ ಬೇಕು. ‘ಹೊಲದಲ್ಲಿ ಹೊಸ ಮೋಟಾರಿನಿಂದ ಅಂಥ ಲಾಭವೇನೂ ಇಲ್ಲ ಅಂತ ತೋರಿಸಬೇಕು. ಮೂರು ಕಡೆ ಟೆಸ್ಟ್ ಮಾಡಿ’ ಅಂತ ಮೂರ್ತಿಯವರು ನನ್ನನ್ನು ಕಳಿಸಿದರು. ಯಳಂದೂರಿನ ಹತ್ತಿರ ಒಂದು, ಕೊಳ್ಳೇಗಾಲದ ಹತ್ತಿರ ಒಂದು, ಹನೂರಿನಿಂದ ದೇವಸ್ಥಾನದ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿ ದಾಟಿ ಒಂದು.

ಆಗ ಟೆಸ್ಟ್ ಅಂದರೆ ಈಗಿನ ಹಾಗೆ ಪೈಪಿಗೆ ಪಟ್ಟಿ ಕಟ್ಟಿ ಮೊಬೈಲಿನಲ್ಲಿ ನೋಡುವುದಲ್ಲ. ಒಂದು ಅಳತೆ ಡ್ರಮ್ಮು, ಒಂದು ಸ್ಟಾಪ್‌ವಾಚು, ಬೋರ್ಡಿನಲ್ಲಿ ಕರೆಂಟು ನೋಡುವ ಒಂದು ಮೀಟರು. ಡ್ರಮ್ಮು ಎಷ್ಟು ಹೊತ್ತಿಗೆ ತುಂಬಿತು, ಅಷ್ಟರಲ್ಲಿ ಎಷ್ಟು ಕರೆಂಟು ಹೋಯಿತು. ಮೊದಲ ದಿನ ರೈತರ ಹಳೇ ಮೋಟಾರು ಓಡಿಸಿ ಬರೆದುಕೊಳ್ಳುವುದು. ಎರಡನೇ ದಿನ ಅದನ್ನು ಎತ್ತಿಸಿ ಅದೇ ಬೋರಿಗೆ ಹೊಸದನ್ನು ಇಳಿಸಿ ಬರೆದುಕೊಳ್ಳುವುದು. ಯಳಂದೂರಿನಲ್ಲಿ ಹೊಸದೇ ಗೆದ್ದಿತು. ಕೊಳ್ಳೇಗಾಲದಲ್ಲೂ ಹೊಸದೇ ಗೆದ್ದಿತು. ಉಳಿದದ್ದು ಕೌದಳ್ಳಿ ಆಚೆಯದು.

ಅಲ್ಲಿ ತನ್ನ ಬೋರು ಬಿಟ್ಟುಕೊಡಲು ಮುಂದೆ ಬಂದವರು ಚಿಕ್ಕತಾಯಮ್ಮ ಅಂತ. ಲೈನಿನ ಕೊನೇ ಕಂಬ ಅವರ ಹೊಲದ್ದೇ. ಯಜಮಾನರು ಬೆಟ್ಟದ ಮೇಲೆ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎಲ್ಲಾ ಈ ಹೆಂಗಸಿನದೇ ಉಸ್ತುವಾರಿ. ಮಾತು ಆಡುವ ಮೊದಲೇ ನನ್ನನ್ನೂ ಜೊತೆಗಿದ್ದ ಸಹಾಯಕನನ್ನೂ ಕರೆದುಕೊಂಡು ಹೋಗಿ ತೋಟ ತೋರಿಸಿದರು.

‘ಪ್ರತೀ ಬ್ಯಾಸ್ಗೇಲೂ ಮೋಟ್ರು ಸುಡ್ತದೆ ಸಾ. ಅದೂ ಎಂತಾ ಹೊತ್ತಲ್ಲಿ ಅಂತೀರಿ? ಹುಳ ನಾಕ್ನೇ ಜ್ವರ ಎದ್ದು, ಪೊರೆ ಬುಟ್ಟು, ಗಬಗಬ ಅಂತ ಸೊಪ್ಪು ತಿನ್ನೋ ಹೊತ್ತಲ್ಲಿ. ಮೋಟ್ರು ಎತ್ತಕ್ಕೆ ಗಂಡಸ್ರ ಕೈಕಾಲ್ ಹಿಡೀಬೇಕು. ಅಷ್ಟ್ರಲ್ಲಿ ಸೊಪ್ಪು ಒಣಗೋಯ್ತದೆ. ಹುಳ ತಲೆ ಎತ್ಕಂಡು ನೋಡ್ತವೆ ಸಾ, ಕೂಸು ನೋಡ್ದಂಗೆ. ಟೆಸ್ಟ್ ಆದ್ರೆ ನಮ್ ಲೈನ್ಗೆ ಹೊಸ ಮೋಟ್ರು ಬತ್ತದಾ?’

‘ಹೊಸದು ಚೆನ್ನಾಗಿ ನಡೆದರೆ ಬರುವ ದಾರಿ ಇದೆ ಅಕ್ಕ’ ಅಂದೆ. ನಾನು ಯಾರ ಕಡೆಯವನು ಅನ್ನುವುದನ್ನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಬೆಂಗಳೂರಿನಿಂದ ಬಂದವರು ಅಂದರೆ ಸರ್ಕಾರ ಅಂತಲೇ ತಿಳಿದಿದ್ದರು.

ಟೆಸ್ಟಿನ ಮೊದಲ ದಿನ ಹೋದಾಗ ಹೊಲದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಬೋರಿನ ಬಾಯಿಗೆ ಅರಿಸಿನ ಕುಂಕುಮ, ಹೂವು. ಸ್ವಿಚ್ ಒತ್ತಿದ ಕೂಡಲೇ ನೀರು ಧುಮುಕಿ ಬಂತು. ಡ್ರಮ್ಮು ತುಂಬಿದ ವೇಗ ನೋಡಿ ನಾನು ವಾಚನ್ನು ಎರಡು ಸಲ ಕಿವಿಗಿಟ್ಟು ನೋಡಿದೆ. ವೋಲ್ಟೇಜ್ ನೋಡಿದರೆ ಆ ಕಡೆಯಲ್ಲಿ ಎಂದೂ ಕಾಣದಷ್ಟಿತ್ತು. ಇವತ್ತು ಕರೆಂಟು ಚೆನ್ನಾಗಿದೆ ಅಂದುಕೊಂಡೆ, ಅಷ್ಟೇ. ಬೋರಿನ ಮೇಲೆ ಪೈಪು ಬಾಗುವ ಬೆಂಡು ಹಿಡಿದು ನೋಡಿದಾಗ ಹೆಬ್ಬೆರಳಿಗೆ ಕೆಂಪು ಬಣ್ಣ ಅಂಟಿತು. ಪೈಪು ಜೋಡಿಸುವಾಗ ತಿರುಪಿಗೆ ಸೆಣಬು ಸುತ್ತಿ ಬಳಿಯುತ್ತಾರಲ್ಲ, ಆ ಬಣ್ಣ. ಇನ್ನೂ ಹಸಿಯಿತ್ತು. ಅದೇ ಹೆಬ್ಬೆರಳಿನಲ್ಲಿ ಫಾರಂ ಹಿಡಿದುಕೊಂಡೆ, ಮೂಲೆಯಲ್ಲಿ ಕೆಂಪು ಗುರುತು ಬಿತ್ತು. ಬಣ್ಣ ಯಾಕೆ ಹಸಿಯಿದೆ ಅಂತ ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಕೇಳಲಿಲ್ಲ.

ಮಧ್ಯಾಹ್ನ ಊಟ ಹಾಕಿದರು. ಪಾಯಸ, ಹಪ್ಪಳ, ಎರಡು ಥರ ಪಲ್ಯ. ಫಳಫಳ ಅನ್ನುವ ಹೊಸ ಸ್ಟೀಲ್ ತಟ್ಟೆ. ಅನ್ನ ಖಾಲಿಯಾದಂತೆ ತಟ್ಟೆಯ ಅಂಚಿನಲ್ಲಿ ಕೊರೆದ ಹೆಸರು ಕಾಣಿಸಿತು: ‘ಮಹದೇವಮ್ಮ’. ಪಕ್ಕದ ಹೊಲದವರ ಹೆಸರು. ಪಾಪ, ತಟ್ಟೆಯನ್ನು ಎರವಲು ತಂದಿದ್ದಾರೆ ಅಂತ ಮನಸ್ಸಿನಲ್ಲೇ ನಕ್ಕೆ. ತಟ್ಟೆಯ ತನಕ ಬುದ್ಧಿ ಓಡಿದವನಿಗೆ ಪೈಪಿನ ತನಕ ಓಡಲಿಲ್ಲ.

ಮರುದಿನ ನಾವು ಹೋಗುವಷ್ಟರಲ್ಲಿ ಹಳೆಯದನ್ನು ಎತ್ತಿ, ನಮ್ಮ ಹೊಸ ಮೋಟಾರನ್ನು ಇಳಿಸಿಯೇ ಬಿಟ್ಟಿದ್ದರು. ಸಾಹೇಬರನ್ನು ಕಾಯಿಸಬಾರದು ಅಂತ ಬೆಳಿಗ್ಗೆ ಬೇಗ ಜನ ಸೇರಿಸಿದ್ದರಂತೆ. ಸ್ವಿಚ್ ಒತ್ತಿದರೆ ನೀರು ಸೊರಗಿ ಬಂತು. ವೋಲ್ಟೇಜ್ ಮುಳ್ಳು ಕೆಳಕ್ಕೆ ಬಿದ್ದಿತ್ತು. ಡ್ರಮ್ಮು ತುಂಬುವ ತನಕ ನಿಂತು ನಿಂತು ಕಾಲು ನೋಯಿತು. ಹಳೆಯ ಮೋಟಾರೇ ಮೇಲು ಅಂತ ಬಂತು. ನನಗೂ ಆಶ್ಚರ್ಯ. ಆದರೆ ಕಣ್ಣಾರೆ ಕಂಡ ರೀಡಿಂಗು. ಬರೆದು ಸಹಿ ಮಾಡಿದೆ. ಮೂರನೇ ದಿನ ನಮ್ಮ ಮೋಟಾರು ಎತ್ತಿಸಿ ವಾಪಸ್ಸು ತಂದೆವು.

ಫೋನಿನಲ್ಲಿ ಕೇಳಿ ಮೂರ್ತಿಯವರು ‘ಚಿನ್ನದಂಥ ಕೆಲಸ ಮಾಡಿದ್ದೀರಿ’ ಅಂದರು. ಸಹಕಾರ ಕೊಟ್ಟ ರೈತರಿಗೆ ಸಂಘದ ಹೆಸರಿರುವ ಗೋಡೆ ಗಡಿಯಾರ ಕೊಟ್ಟು ಬನ್ನಿ ಅಂತ ಹೇಳಿದರು. ವಿಚಾರಣೆಗೆ ಎರಡು ದಿನ ಇರುವಾಗ ಅದನ್ನು ಹಿಡಿದುಕೊಂಡು ಚಿಕ್ಕತಾಯಮ್ಮನವರ ಮನೆಗೆ ಹೋದೆ. ಅವರು ಗಡಿಯಾರವನ್ನು ಕಣ್ಣಿಗೊತ್ತಿಕೊಂಡರು. ಮಾತಿಗೆ ಮಾತು ಬಂದು, ‘ನಿಮ್ಮ ಹಳೇ ಮೋಟಾರು ಗಟ್ಟಿ ಇದೆ ಬಿಡಿ ಅಕ್ಕ’ ಅಂದೆ.

‘ಅಯ್ಯೋ, ನೀವು ಬತ್ತೀರಿ ಅಂತ ಎತ್ಸಿ ತೊಳ್ಸಿದ್ದೆ ಕಣ್ ಸಾ! ಹನೂರಿಂದ ಮೆಕ್ಯಾನಿಕ್ ಕರ್ಸಿ ಬಿಚ್ಸಿ ಎಲ್ಲಾ ಸರಿ ಮಾಡುಸ್ದೆ. ಪೈಪು ಎಲ್ಲಾ ತುಕ್ಕು ಸಾ, ತೂತು ಬಿದ್ದು ಅರ್ದ ನೀರು ಬೋರಲ್ಲೇ ಸೋರೋಯ್ತದೆ. ಬೆಂಗ್ಳೂರಿಂದ ಬಂದೋರ್ಗೆ ಅದುನ್ನ ತೋರ್ಸಕ್ಕಾಯ್ತದಾ? ನನ್ ತಮ್ಮ ಅವನ್ ಬೋರ್ಗೆ ಅಂತ ಹೊಸ ಪೈಪು ತಂದಿಟ್ಟಿದ್ದ. ಒಂದಿನಕ್ಕೆ ಕೊಡು ಅಂತ ಇಸ್ಕಂಡು ಇಳುಸ್ದೋ.’

ನಾನು ಕಾಫಿ ಲೋಟ ಕೆಳಗಿಟ್ಟೆ. ‘ಎರಡನೇ ದಿನ?’ ಅಂದೆ.

‘ಎರಡ್ನೇ ದಿನ ಅವುಂದು ಅವುನ್ಗೆ ಕೊಡ್ಬೇಕಲ್ಲ ಸಾ? ನಮ್ ಹಳೇ ಪೈಪಲ್ಲೇ ನಿಮ್ ಮೋಟ್ರು ಇಳುಸ್ದೋ.’

ಅಷ್ಟರಲ್ಲಿ ಪಕ್ಕದ ಹೊಲದ ಮುರುಗೇಶ ಬಂದು ಕೂತಿದ್ದ. ಅವನು ಹೆಮ್ಮೆಯಿಂದ ಸೇರಿಸಿದ: ‘ಮೊದುಲ್ನೇ ದಿನ ನಾವ್ಯಾರೂ ಮೋಟ್ರು ಆಕ್ನಿಲ್ಲ ಸಾ. ಅಕ್ಕ ಮನೆ ಮನೆಗೂ ಬಂದು ಯೋಳಿತ್ತು, ಸಾಹೇಬ್ರು ಬಂದಾಗ ಕರೆಂಟು ಪೂರ್ತಿ ಇರ್ಲಿ, ಮರ್ಯಾದೆ ಪ್ರಶ್ನೆ ಅಂತ. ಲೈನೆಲ್ಲಾ ಆಫು. ಮಾರ್ನೇ ದಿನ ಮಾತ್ರ ಆಗ್ನಿಲ್ಲ, ಸೊಪ್ಪು ಬಾಡ್ತಿತ್ತಲ್ಲ, ಎಲ್ಲಾರೂ ಒಟ್ಗೇ ಆಕ್ಬುಟ್ಟೋ.’

ಮನೆಗೆ ನೆಂಟರು ಬರುತ್ತಾರೆಂದು ಅಂಗಳ ಸಾರಿಸಿ ಹರಿದ ಚಾಪೆಯನ್ನು ಅಟ್ಟಕ್ಕೆ ಹಾಕುವ ಹಾಗೆ ಇಡೀ ಊರು ಸೇರಿ ಆ ಹಳೇ ಮೋಟಾರನ್ನು ಸಿಂಗರಿಸಿತ್ತು. ಯಾವ ಕಷ್ಟ ತೋರಿಸಿದರೆ ಹೊಸ ಮೋಟಾರು ಬರುತ್ತಿತ್ತೋ ಆ ಕಷ್ಟವನ್ನೇ ಮರೆಮಾಡಿತ್ತು. ಅದೂ ನನ್ನ ಮರ್ಯಾದೆಗಾಗಿ. ಈ ಊರು ಹೊಸ ಮೋಟಾರು ಕೇಳುತ್ತಿದೆ, ನನ್ನ ಫೈಲಿನಲ್ಲಿ ಈ ಊರೇ ಹೊಸ ಮೋಟಾರು ಬೇಡ ಅನ್ನುತ್ತಿದೆ.

ಬಾಯಿ ಬಿಟ್ಟು ಅವರಿಗೆ ಹೇಳಲು ಧೈರ್ಯವಾಗಲಿಲ್ಲ. ನೆಟ್ಟಗೆ ಬೆಂಗಳೂರಿಗೆ ಹೋಗಿ ಮೂರ್ತಿಯವರಿಗೆ ಹೇಳಿದೆ. ಈ ರೀಡಿಂಗು ವಾಪಸ್ಸು ತೆಗೆದುಕೊಳ್ಳೋಣ ಸರ್, ಮತ್ತೊಮ್ಮೆ ಟೆಸ್ಟ್ ಮಾಡೋಣ ಅಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ‘ನೀವು ರೀಡಿಂಗ್ ತಿದ್ದಿದ್ದೀರಾ?’

‘ಇಲ್ಲ ಸರ್.’

‘ಆ ಹೆಂಗಸು ಮೋಸ ಮಾಡಿದಳಾ?’

‘ಛೆ, ಇಲ್ಲ ಸರ್.’

‘ಮತ್ತೆ ತಿದ್ದೋದು ಏನನ್ನ? ರೈತರು ಮೋಟಾರು ಚೆನ್ನಾಗಿ ಇಟ್ಟುಕೊಂಡರೆ ಹಳೇದೇ ಸಾಕು ಅಂತ ಇದರಿಂದ ಗೊತ್ತಾಗುತ್ತೆ. ಅದೂ ನಿಜವೇ ಅಲ್ವಾ?’

‘ಯಳಂದೂರು, ಕೊಳ್ಳೇಗಾಲದ ರೀಡಿಂಗ್ ಸರ್?’

‘ಅವು ಅನುಬಂಧದಲ್ಲಿವೆ’ ಅಂದರು.

ವಿಚಾರಣೆ ದೊಡ್ಡ ಹಾಲಿನಲ್ಲಿ. ಜೇಬಿನಲ್ಲಿ ಒಂದು ಹಾಳೆ ಇಟ್ಟುಕೊಂಡು ಹೋಗಿದ್ದೆ. ನಡೆದದ್ದನ್ನೆಲ್ಲ ನನ್ನ ಕೈಬರಹದಲ್ಲಿ ಬರೆದಿದ್ದೆ: ಪೈಪು, ಮೆಕ್ಯಾನಿಕ್, ಲೈನ್ ಆಫು. ಮೂರ್ತಿಯವರು ತಮ್ಮ ತಣ್ಣನೆಯ ದನಿಯಲ್ಲಿ ಶುರುಮಾಡಿದರು. ‘ಹವಾನಿಯಂತ್ರಿತ ಪ್ರಯೋಗಶಾಲೆಯ ಮಾತಲ್ಲ ಇದು. ಹನೂರು ಕಡೆಯ ಲೈನಿನ ಕೊನೇ ಕಂಬದಲ್ಲಿ, ಒಬ್ಬ ರೈತ ಮಹಿಳೆಯ ಹೊಲದಲ್ಲಿ ಕಂಡ ಸತ್ಯ.’ ಪರದೆ ಮೇಲೆ ನನ್ನ ಫಾರಂ ಬಂತು. ಗೋಡೆಯಷ್ಟು ದೊಡ್ಡದಾಗಿ. ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕೆಂಪು ಗುರುತು ತಟ್ಟೆಯಷ್ಟಗಲ ಕಾಣುತ್ತಿತ್ತು.

ವಿಚಾರಣೆ ನಡೆಸುತ್ತಿದ್ದ ಮೇಡಂ ಕನ್ನಡಕ ಸರಿಮಾಡಿಕೊಂಡು, ‘ಈ ಟೆಸ್ಟ್ ಮಾಡಿದವರು ಬಂದಿದ್ದಾರಾ?’ ಅಂತ ಕೇಳಿದರು. ನಾನು ಎದ್ದು ನಿಂತೆ.

‘ರೀಡಿಂಗ್ ನಿಮ್ಮದೇನಾ?’

‘ಹೌದು ಮೇಡಂ.’

‘ಆ ಕೆಂಪು ಗುರುತೇನು?’

‘ಬಣ್ಣ ಮೇಡಂ. ಪೈಪಿನ ಬಣ್ಣ.’

ಹಾಲಿನಲ್ಲಿ ಒಂದಿಬ್ಬರು ನಕ್ಕರು. ಮೇಡಂ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ‘ಇನ್ನೇನಾದರೂ ಹೇಳುವುದಿದೆಯಾ?’ ಅಂದರು.

ಇದನ್ನು ಓದುವ ಹೊಸಬರೇ, ನನಗೆ ಯಾರೂ ಬೆದರಿಕೆ ಹಾಕಿರಲಿಲ್ಲ. ಮೂರ್ತಿಯವರು ತಿರುಗಿ ಕೂಡ ನೋಡಲಿಲ್ಲ. ಬಾಗಿಲು ಹಾರು ಹೊಡೆದಿತ್ತು, ಕಾಲಿಡುವುದಷ್ಟೇ ಬಾಕಿ. ಆದರೆ ಅಷ್ಟು ಜನ ಇಂಜಿನಿಯರುಗಳ ಮುಂದೆ, ಹಸಿ ಬಣ್ಣ ಕೈಗೆ ಅಂಟಿದರೂ ಕೇಳಲಿಲ್ಲ, ವೋಲ್ಟೇಜ್ ಏರಿದ್ದು ಕಂಡರೂ ಯಾಕೆ ಅಂತ ಯೋಚಿಸಲಿಲ್ಲ ಅಂತ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಚಿಕ್ಕತಾಯಮ್ಮ ತುಕ್ಕು ಪೈಪು ಮುಚ್ಚಿಟ್ಟಂತೆ ನಾನು ನನ್ನ ದಡ್ಡತನ ಮುಚ್ಚಿಟ್ಟೆ.

‘ಇಲ್ಲ ಮೇಡಂ’ ಅಂದು ಕೂತುಬಿಟ್ಟೆ.

ಆ ಮಾತು ನನ್ನ ಬಾಯಿಂದಲೇ ಬಂತಾ ಅಂತ ಇವತ್ತಿಗೂ ಬೆಚ್ಚುತ್ತೇನೆ. ಸಣ್ಣ ಪಂಪುಗಳಿಗೆ ‘ಮುಂದಿನ ಪರಿಶೀಲನೆಯವರೆಗೆ’ ವಿನಾಯಿತಿ ಸಿಕ್ಕಿತು. ಆ ಲೈನಿನ ಯೋಜನೆ ಅಲ್ಲಿಗೇ ಮಲಗಿತು. ಸಂಘದಲ್ಲಿ ಸಿಹಿ ಹಂಚಿದರು, ನಾನೂ ತಿಂದೆ.

ಮುಂದಿನ ಬೇಸಿಗೆಯಲ್ಲಿ ಚಿಕ್ಕತಾಯಮ್ಮನವರ ಫೋನು. ‘ಸಾ, ಮೋಟ್ರು ಸುಟ್ಟೋಯ್ತು. ಹುಳ ಎಲ್ಲಾ ಗುಂಡೀಗೆ ಸುರ್ದೆ ಸಾ. ಹೊಸ ಮೋಟ್ರು ಯಾವಾಗ ಬತ್ತದೆ?’ ನೋಡೋಣ ಅಕ್ಕ, ಆಗುತ್ತೆ ಅಂದೆ. ‘ಟೆಸ್ಟಲ್ಲಿ ನಾನೇನಾರ ತಪ್ ಮಾಡುದ್ನಾ ಸಾ?’ ಅಂತ ಕೇಳಿದರು. ಇಲ್ಲ ಇಲ್ಲ ಅಂತ ಫೋನು ಇಟ್ಟೆ. ಆಮೇಲೆ ಅವರ ನಂಬರ್ ಬಂದರೆ ಎತ್ತಲಿಲ್ಲ. ಸ್ವಲ್ಪ ದಿನಕ್ಕೆ ಬರುವುದೂ ನಿಂತಿತು.

ನಿವೃತ್ತನಾಗಿ ಕೊಳ್ಳೇಗಾಲಕ್ಕೆ ವಾಪಸ್ಸು ಬಂದೆ. ಹನೂರು ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ದಿನಾ ನೋಡುತ್ತಿದ್ದೆ. ಹೋದ ತಿಂಗಳು ಸಣ್ಣ ಪಂಪುಗಳ ಕರಡು ಮತ್ತೆ ಬಂದಿದೆ ಅಂತ ಪೇಪರಿನಲ್ಲಿ ಓದಿದೆ. ಮತ್ತೆ ಹೊಲದ ಟೆಸ್ಟ್ ಮಾಡುತ್ತಾರಂತೆ. ಆವತ್ತು ಬಸ್ಸು ಹತ್ತಿದೆ.

ಚಿಕ್ಕತಾಯಮ್ಮ ಹುಳುವಿನ ಮನೆಯಲ್ಲಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ‘ಬನ್ನಿ ಸಾ, ಕುಂತ್ಕಳಿ’ ಅಂದರು. ಗೋಡೆ ಮೇಲೆ ಆ ಗಡಿಯಾರ ಓಡುತ್ತಿತ್ತು. ಮುರುಗೇಶನೂ ಬಂದ. ಒಬ್ಬೊಬ್ಬರಾಗಿ ಅಕ್ಕಪಕ್ಕದವರು ಸೇರಿದರು. ನಾನು ಮೋಟಾರು ಕಂಪನಿಗಳ ಕಡೆಯವನಾಗಿದ್ದೆ ಅನ್ನುವುದರಿಂದ ಹಿಡಿದು ಎಲ್ಲಾ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಗುತ್ತಿತ್ತು.

ಮುರುಗೇಶನ ಮುಖ ಕಪ್ಪಿಟ್ಟಿತು. ‘ಅಂಗಾರೆ ನಾವು ಲೈನ್ ಆಫ್ ಮಾಡಿದ್ದೇ ನಮ್ಗೆ ಮುಳುವಾಯ್ತಾ ಸಾ?’ ಅಂದ. ಹೌದು ಅಂದೆ.

ಚಿಕ್ಕತಾಯಮ್ಮ ಕೇಳಿದರು: ‘ಗಡಿಯಾರ ತಕಂಡು ಬಂದ್ರಲ್ಲ, ಅವತ್ತೇ ನಿಮ್ಗೆ ಗೊತ್ತಾಗಿತ್ತಾ?’

‘ಗೊತ್ತಾಗಿತ್ತು ಅಕ್ಕ.’

‘ಅವತ್ತೇ ಯೋಳ್ಬೋದಿತ್ತಲ್ಲ ಸಾ. ನಾನೇ ಬೆಂಗ್ಳೂರ್ಗೆ ಬಂದು ತುಕ್ಕು ಪೈಪು ತೋರುಸ್ತಿದ್ದೆ.’

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ತಲೆ ತಗ್ಗಿಸಿ ಅತ್ತೆ. ಅಳು ನಿಂತ ಮೇಲೆ, ವಿಚಾರಣೆಯ ದಿನದಿಂದ ಜೋಪಾನವಾಗಿಟ್ಟಿದ್ದ ಆ ಹಾಳೆಯನ್ನು ಜೇಬಿನಿಂದ ತೆಗೆದು ಕೆಳಗೆ ಸಹಿ ಮಾಡಿ, ಇದನ್ನು ಹೊಸ ವಿಚಾರಣೆಗೆ ಕಳಿಸುತ್ತೇನೆ, ಕರೆದರೆ ಹೋಗಿ ಹೇಳುತ್ತೇನೆ ಅಂದೆ. ಅವರು ಮುರುಗೇಶನ ಕೈಲಿ ಅದನ್ನು ಓದಿಸಿ ಕೇಳಿದರು. ತಮ್ಮ ಸಹಿಯನ್ನೂ ಹಾಕಿದರು. ಲೈನಿನವರೆಲ್ಲ ಹಾಕಿದರು. ಈ ಕೆಲಸದಲ್ಲಿ ನಾನು ಪಡೆದ ಸಹಿಗಳಲ್ಲಿ, ಹಾಕಿದವರು ಪೂರ್ತಿ ತಿಳಿದು ಹಾಕಿದ್ದು ಇವಷ್ಟೇ. ಹಾಳೆ ಟಪಾಲಿನಲ್ಲಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.

ಹೊರಡಲು ಎದ್ದೆ. ‘ಉಣ್ಕಂಡೋಗಿ ಸಾ’ ಅಂದರು. ಬೇಡ ಅಕ್ಕ ಅಂದೆ. ಅವರು ಕೇಳಲಿಲ್ಲ, ಒಳಗೆ ಹೋದರು. ಮಹದೇವಮ್ಮ ಅಲ್ಲೇ ಕೂತಿದ್ದರು, ‘ನಮ್ಮನೆ ತಟ್ಟೆ ತಂದ್ಕೊಡ್ಲಾ ಅಕ್ಕಾ?’ ಅಂತ ಏಳಲು ಹೋದರು.

‘ಬ್ಯಾಡ ಕುಂತ್ಕೊ. ಇವತ್ತು ಯಾವುದ್ನೂ ಎರವಲು ತರಲ್ಲ’ ಅಂತ ಒಳಗಿನಿಂದಲೇ ಹೇಳಿದರು.

ನನ್ನ ಮುಂದೆ ತಂದಿಟ್ಟದ್ದು ಎರಡು ಕಡೆ ನಗ್ಗಿದ ತಟ್ಟೆ. ಒಂದು ಮುದ್ದೆ, ಹುರುಳಿ ಸಾರು. ಮುದ್ದೆ ಅರ್ಧ ಮುಗಿದಾಗ ಅಂಚಿನಲ್ಲಿ ಸವೆದ ಅಕ್ಷರಗಳು ಕಂಡವು. ಅದು ಚಿಕ್ಕತಾಯಮ್ಮ ಅನ್ನುವ ಹೆಸರೇ ಆಗಿತ್ತು.